ಒಡೆಯನ ಕೈಯಿಂದ ಮನೆತನಗಳ ಕೈಗೆ: ಪ್ರಾಚೀನ ಚೀನಾದ ಅಧಿಕಾರದ ಜಗಳವನ್ನು ಗೋಡೆಯ ಮೇಲೆ ಬಿಡಿಸುವ ಬಗೆ

ಮುಂಬಯಿಯ ಕನ್ನಡ ಸಂಘದ ಕೋಣೆಯಲ್ಲೋ ಸೊಸೈಟಿಯ ಆಫೀಸಿನಲ್ಲೋ ಭಾನುವಾರ ಸೇರುವ ಓದುಗ ಬಳಗಕ್ಕೆ ಈ ಬರಹ. ವಿಷಯ ಕ್ರಿ.ಪೂ. 770ರಿಂದ 376ರವರೆಗಿನ ಚೀನಾ. ಝೌ ರಾಜನ ಹೆಸರಿನಲ್ಲಿ ಒಂದೊಂದು ರಾಜ್ಯದ ಒಡೆಯರು ಆಳುತ್ತಿದ್ದರು, ಒಡೆಯರ ಹೆಸರಿನಲ್ಲಿ ಮಂತ್ರಿಮನೆತನಗಳು ಆಳತೊಡಗಿದವು, ಕೊನೆಗೆ ಆ ಮನೆತನಗಳೇ ಒಡೆಯರಾದವು. ಇದನ್ನು ರಾಜರ ಪಟ್ಟಿ ಹಿಡಿದು ಓದಲು ಹೊರಟವರು ಎರಡನೇ ವಾರಕ್ಕೇ ದಾರಿ ತಪ್ಪುತ್ತಾರೆ, ಏಕೆಂದರೆ ಪಟ್ಟಿಯಲ್ಲಿ ಒಡೆಯ ಕೊನೆಯವರೆಗೂ ಕುಳಿತೇ ಇರುತ್ತಾನೆ. ಅವನ ಕೆಳಗಿನ ನೆಲ ಯಾವಾಗ ಹೋಯಿತೆಂಬುದು ಪಟ್ಟಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಪ್ರತಿ ಘಟನೆಗೂ ಮೂರು ಪ್ರಶ್ನೆ ಹಾಕಿ: ಕೋಟೆ ಯಾರದು, ಸೈನ್ಯ ಯಾರದು, ಧಾನ್ಯ ಯಾರದು? ಕೆಳಗೆ ಹೇಳುವ ಪಟ ಈ ಮೂರನ್ನು ಕಣ್ಣಿಗೆ ಕಾಣಿಸಲೆಂದೇ ಇದೆ.

8ರಿಂದ 16 ಜನ, 4 ಭಾನುವಾರ, ಪ್ರತಿ ಸಲ 2 ಗಂಟೆ ಸಾಕು. ಸಂಜೆ ನಾಲ್ಕೂವರೆಗೆ ಮುಂಚೆ ಶುರು ಮಾಡಬೇಡಿ. ಮೆಗಾ ಬ್ಲಾಕ್ ಇದ್ದ ದಿನ ಡೊಂಬಿವಲಿ, ಪನ್ವೇಲ್ ಕಡೆಯವರು ಅರ್ಧ ಮುಗಿದ ಮೇಲೆ ಬರುತ್ತಾರೆ, ಮೊದಲ ಅರ್ಧ ಗಂಟೆ ತಪ್ಪಿದವರಿಗೆ ಹೆಸರುಗಳ ಹಿಡಿತ ಮತ್ತೆ ಸಿಗುವುದು ಕಷ್ಟ.

ಪಟದ ಅಳತೆ

22 × 28 ಇಂಚಿನ ಚಾರ್ಟ್ ಪೇಪರ್ 6 ಬೇಕು. ಅಬ್ದುಲ್ ರೆಹಮಾನ್ ಸ್ಟ್ರೀಟಿನ ಕಾಗದದ ಅಂಗಡಿಗಳಲ್ಲಿ ಸಿಗುತ್ತದೆ. ನುಣುಪಲ್ಲದ, ಬಿಳಿಯದನ್ನೇ ಕೇಳಿ. ಉದ್ದದ ಬದಿ ಅಡ್ಡವಾಗಿ ಬರುವಂತೆ ಒಂದರ ಪಕ್ಕ ಒಂದು ಇಟ್ಟು, 2 ಸೆಂ.ಮೀ. ಮೇಲೆ ಹಾಯಿಸಿ ಅಂಟಿಸಿ. ಒಟ್ಟು 416 ಸೆಂ.ಮೀ. ಉದ್ದ, 56 ಸೆಂ.ಮೀ. ಎತ್ತರದ ಪಟ ಆಗುತ್ತದೆ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ಎಡಗಡೆ 11 ಸೆಂ.ಮೀ. ಅಂಚು ಬಿಟ್ಟು 770ನ್ನು ಗುರುತು ಹಾಕಿ. ಅಲ್ಲಿಂದ ಮುಂದೆ ಲೆಕ್ಕ ಸುಲಭ: 781ರಿಂದ ಇಸವಿಯನ್ನು ಕಳೆದರೆ ಎಡ ತುದಿಯಿಂದ ಎಷ್ಟು ಸೆಂಟಿಮೀಟರಿಗೆ ಗುರುತು ಬೀಳಬೇಕೆಂಬುದು ಸಿಗುತ್ತದೆ. 632 ಬೇಕಾದರೆ 149ಕ್ಕೆ, 453 ಬೇಕಾದರೆ 328ಕ್ಕೆ. ಕ್ರಿ.ಪೂ. ಇಸವಿ ಬಲಕ್ಕೆ ಹೋದಂತೆ ಇಳಿಯುತ್ತದೆ ಎಂಬುದನ್ನು ಮರೆತು ಮೊದಲ ಹಾಳೆಯನ್ನೇ ತಿರುಗಾಮುರುಗಾ ಬರೆಯುವುದು ಸಾಮಾನ್ಯ ತಪ್ಪು. ಮೊದಲು ಪೆನ್ಸಿಲಿನಲ್ಲಿ ಹತ್ತು ವರ್ಷಕ್ಕೊಂದು ಗೀಟು ಹಾಕಿ, ಇಬ್ಬರು ನೋಡಿದ ಮೇಲೆ ಪೆನ್ನು ಹಿಡಿಯಿರಿ.

ಎತ್ತರವನ್ನು ಹೀಗೆ ಹಂಚಿ: ಮೇಲೆ ಝೌ ರಾಜನಿಗೆ 4 ಸೆಂ.ಮೀ., ಜಿನ್ ರಾಜ್ಯಕ್ಕೆ 28, ಲು ರಾಜ್ಯಕ್ಕೆ 11, ಚಿ ರಾಜ್ಯಕ್ಕೆ 11, ಕೆಳಗೆ 2 ಖಾಲಿ. ಜಿನ್‌ಗೆ ಇಷ್ಟು ಜಾಗ ಏಕೆಂದರೆ ಅಲ್ಲಿ ಒಡೆಯನಿಗೆ 4 ಸೆಂ.ಮೀ. ಹೋಗಿ, ಉಳಿದ 24ರಲ್ಲಿ 2 ಸೆಂ.ಮೀ.ನ 12 ಪಟ್ಟಿ ಬರಬೇಕು. ಹನ್ನೊಂದು ಮಂತ್ರಿಮನೆತನಗಳಿಗೆ: ಹು, ಶಿಯಾನ್, ಶೀ, ಶು, ಲುವಾನ್, ಫಾನ್, ಝೊಂಗ್‌ಹಾಂಗ್, ಝಿ, ಹಾನ್, ಝಾವೋ, ವೇಯ್. ಹನ್ನೆರಡನೆಯ ಪಟ್ಟಿ ಒಡೆಯನ ರಕ್ತಸಂಬಂಧದ ಚಿ ಮತ್ತು ಯಾಂಗ್‌ಶೆ ಮನೆತನಗಳಿಗೆ ಒಟ್ಟಾಗಿ.

ಮಳೆಗಾಲದಲ್ಲಿ ಮಾಡುವುದಾದರೆ ಗೋಡೆಗೆ ಸೆಲ್ಲೋಟೇಪ್ ಹಚ್ಚಬೇಡಿ. ಸುಣ್ಣದ ಗೋಡೆಯ ತೇವಕ್ಕೆ ಅದು ಒಂದು ಗಂಟೆಯಲ್ಲಿ ಬಿಟ್ಟುಕೊಳ್ಳುತ್ತದೆ. ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಕ್ಲಿಪ್ ಹಾಕಿ. ಸ್ಕೆಚ್ ಪೆನ್ನಿನ ಬಣ್ಣ ಒದ್ದೆ ಹವೆಗೆ ಹರಡುತ್ತದೆ, ಬಣ್ಣದ ಪೆನ್ಸಿಲ್ ಮೇಲು.

ಹೆಸರಿನ ಚೀಟಿ

ಬಳಗ ಬಿಟ್ಟುಹೋಗುವುದು ಇಲ್ಲಿಯೇ. ಆದ್ದರಿಂದ ಮೊದಲ ಭಾನುವಾರವನ್ನು ಪೂರ್ತಿ ಹೆಸರಿಗೇ ಕೊಡಿ.

ಬೋರಿಬಂದರ್, ವಿಟಿ, ಸಿಎಸ್‌ಟಿ, ಸಿಎಸ್‌ಎಂಟಿ ಎಲ್ಲವೂ ಒಂದೇ ಸ್ಟೇಷನ್ ಎಂದು ಮುಂಬಯಿಯವರಿಗೆ ಹೇಳಿಕೊಡಬೇಕಿಲ್ಲ. ಜಿನ್‌ನ ಮಂತ್ರಿ ಶಿ ಹುಯಿಯೂ ಹಾಗೆಯೇ. ಶಿ ಎಂಬುದು ಪೂರ್ವಜರ ಹುದ್ದೆಯಿಂದ ಬಂದದ್ದು. ಸುಯಿ ಎಂಬ ಊರು ಉಂಬಳಿಯಾಗಿ ಸಿಕ್ಕಾಗ ಅವನು ಸುಯಿ ಹುಯಿ, ಫಾನ್ ಸಿಕ್ಕಾಗ ಫಾನ್ ಹುಯಿ, ಸತ್ತ ಮೇಲೆ ಇಟ್ಟ ಗೌರವದ ಹೆಸರಿನಿಂದ ಫಾನ್ ವುಝಿ. ಝಿ ಮತ್ತು ಝೊಂಗ್‌ಹಾಂಗ್ ಎರಡೂ ಶುನ್ ಎಂಬ ಒಂದೇ ಕುಲದ ಕವಲುಗಳು. ಒಂದು ಊರಿನ ಹೆಸರು ಹಿಡಿಯಿತು, ಇನ್ನೊಂದು ತಾನು ನಡೆಸಿದ ‘ನಡುವಿನ ಸಾಲು’ ಎಂಬ ದಳದ ಹೆಸರು. ಅಂದರೆ ಹೆಸರಿನಲ್ಲಿಯೇ ಆಸ್ತಿಪತ್ರ ಅಡಗಿದೆ. ಹೆಸರು ಬದಲಾದ ಕಡೆಯೆಲ್ಲ ನೆಲವೋ ಹುದ್ದೆಯೋ ಕೈ ಸೇರಿದೆ ಎಂದು ತಿಳಿದು, ಆ ವರ್ಷಕ್ಕೆ ಪಟದಲ್ಲಿ ಹಸಿರು ಚುಕ್ಕೆ ಇಡಿ.

ಇದಕ್ಕೆ ತಿರುಗುಮುರುಗಾದ ತೊಡಕೂ ಇದೆ. ಮಾಟುಂಗ ಸೆಂಟ್ರಲ್ ಲೈನಿನಲ್ಲಿ, ಮಾಟುಂಗ ರೋಡ್ ವೆಸ್ಟರ್ನ್ ಲೈನಿನಲ್ಲಿ ಇದ್ದಂತೆ ಬೇರೆ ಬೇರೆಯವರಿಗೆ ಒಂದೇ ಉಚ್ಚಾರ. ಕನ್ನಡ ಲಿಪಿಯಲ್ಲಿ ಬರೆದಾಗ ‘ಝಾವೋ’ ಮೂರು ಕಡೆ ಬರುತ್ತದೆ: ಜಿನ್‌ನ ಝಾವೋ ಮನೆತನ, 745ರಲ್ಲಿ ಜಿನ್ ಆಳುತ್ತಿದ್ದ ಒಡೆಯ ಝಾವೋ, 517ರಲ್ಲಿ ದೇಶ ಬಿಟ್ಟು ಓಡಿದ ಲು ರಾಜ್ಯದ ಒಡೆಯ ಝಾವೋ. ಒಬ್ಬರಿಗೊಬ್ಬರು ಸಂಬಂಧವಿಲ್ಲ, ಚೀನೀ ಬರವಣಿಗೆಯಲ್ಲಿ ಮನೆತನದ ಅಕ್ಷರವೇ ಬೇರೆ. ವೇಯ್ ಎಂಬ ಮನೆತನವಲ್ಲದೆ ವೇಯ್ ಎಂಬ ಹಳೆಯ ರಾಜ್ಯವೂ ಉಂಟು. ಚಿ ರಾಜ್ಯ, ಚಿ ಮನೆತನ ಬೇರೆ. ಪಶ್ಚಿಮದ ಚಿನ್ ರಾಜ್ಯವನ್ನು ಜಿನ್ ಜೊತೆ ಬೆರೆಸುವವರೂ ಇದ್ದಾರೆ.

ಒಬ್ಬೊಬ್ಬರಿಗೂ ಅಂಗೈಯಗಲದ ಒಂದು ಚೀಟಿ ಮಾಡಿ, 5 ಸಾಲು ಬರೆಯಿರಿ: ಪಟದಲ್ಲಿ ಬಳಸುವ ಒಂದೇ ಹೆಸರು, ಉಳಿದ ಹೆಸರುಗಳು, ಕುಲ, ಹಿಡಿದಿದ್ದ ಊರು, ಸತ್ತ ಅಥವಾ ಓಡಿದ ವರ್ಷ. ಸುಮಾರು 40 ಚೀಟಿ ಸಾಕು, ನೂರು ಮಾಡಲು ಹೋಗಬೇಡಿ. ಪದವಿಗಳಿಗೂ ಮೊದಲೇ ಕನ್ನಡ ಮಾತು ಗೊತ್ತುಮಾಡಿಕೊಳ್ಳಿ. ಝೌ ಅರಸನಿಗೆ ಮಾತ್ರ ‘ರಾಜ’, ರಾಜ್ಯದ ಯಜಮಾನನಿಗೆ ‘ಒಡೆಯ’, ಅವನ ಕೆಳಗಿನ ದೊಡ್ಡ ಮನೆಗೆ ‘ಮಂತ್ರಿಮನೆ’, ಮಂತ್ರಿಮನೆಯ ಆಳ್ವಿಕೆ ನೋಡುವವನಿಗೆ ‘ಪಾರುಪತ್ಯಗಾರ’. ನಾಲ್ಕಕ್ಕೂ ‘ರಾಜ’ ಎಂದರೆ ಜಗಳವೇ ಅರ್ಥವಾಗುವುದಿಲ್ಲ.

ವರ್ಷ ಹಿಡಿಯುವುದು

ಮೂಲ ದಾಖಲೆ ಲು ರಾಜ್ಯದ ವಾರ್ಷಿಕ ಬರಹ. ಅದರಲ್ಲಿ ಇಸವಿ ಇಲ್ಲ, ‘ಒಡೆಯ ಇಂಥವನ ಇಷ್ಟನೇ ವರ್ಷ’ ಎಂದಿರುತ್ತದೆ. ಹನ್ನೆರಡು ಒಡೆಯರ ಮೊದಲ ವರ್ಷ ಗೊತ್ತಿದ್ದರೆ ಉಳಿದದ್ದು ಕಳೆಯುವ ಲೆಕ್ಕ: ಯಿನ್ 722, ಹುವಾನ್ 711, ಝುವಾಂಗ್ 693, ಮಿನ್ 661, ಶಿ 659, ವೆನ್ 626, ಶುವಾನ್ 608, ಚೆಂಗ್ 590, ಶಿಯಾಂಗ್ 572, ಝಾವೋ 541, ದಿಂಗ್ 509, ಆಯ್ 494. ಒಡೆಯ ಝಾವೋನ 25ನೇ ವರ್ಷ ಎಂದರೆ 541ರಿಂದ 24 ಕಳೆದು 517. ಹಲವರು 25ನ್ನೇ ಕಳೆದು ಒಂದು ವರ್ಷ ತಪ್ಪುತ್ತಾರೆ. ಆ ಒಂದು ಸೆಂಟಿಮೀಟರ್ ತಪ್ಪಿನಿಂದ ಕಾರಣ ಪರಿಣಾಮದ ಹಿಂದೆ ಹೋಗಿ ನಿಲ್ಲುತ್ತದೆ. ಈ ಬರಹ 481ಕ್ಕೆ ನಿಲ್ಲುತ್ತದೆ, ಅದರ ದೊಡ್ಡ ವಿವರಣಾ ಗ್ರಂಥ 468ರವರೆಗೆ ಬರುತ್ತದೆ. ಆ ಮೇಲಿನ ಅರವತ್ತು ವರ್ಷ ದಾಖಲೆ ತೆಳು, ಪಟದಲ್ಲಿಯೂ ಅದನ್ನು ತೆಳುವಾಗಿಯೇ ಬಿಡಿ.

ಜಿನ್: ಕೋಟೆ ಮತ್ತು ಸೈನ್ಯದ ಹುದ್ದೆ

ಎರಡನೇ ಭಾನುವಾರ ಇದಕ್ಕೆ. 722ರ ದಾಖಲೆಯಲ್ಲಿ ಬರುವ ಒಂದು ಹಳೆಯ ಮಾತಿನಿಂದ ಶುರು ಮಾಡಿ. ಝೆಂಗ್ ರಾಜ್ಯದಲ್ಲಿ ಒಡೆಯನ ತಮ್ಮನಿಗೆ ದೊಡ್ಡ ಊರು ಕೊಟ್ಟಾಗ ಮಂತ್ರಿ ಝಾಯ್ ಝೊಂಗ್ ಎಚ್ಚರಿಸಿದ: ದೊಡ್ಡ ಊರಿನ ಕೋಟೆ ರಾಜಧಾನಿಯದರ ಮೂರನೇ ಒಂದಕ್ಕಿಂತ, ನಡುತರದ್ದು ಐದನೇ ಒಂದಕ್ಕಿಂತ, ಚಿಕ್ಕದು ಒಂಬತ್ತನೇ ಒಂದಕ್ಕಿಂತ ಹೆಚ್ಚಿರಬಾರದು. ಈ ಅಳತೆಗೋಲನ್ನು ಹಿಡಿದು ಜಿನ್‌ಗೆ ಬನ್ನಿ. 745ರಲ್ಲಿ ಒಡೆಯ ತನ್ನ ಚಿಕ್ಕಪ್ಪನಿಗೆ ಕೊಟ್ಟ ಚ್ಯುವೋ ಪಟ್ಟಣ ರಾಜಧಾನಿ ಯಿಗಿಂತ ದೊಡ್ಡದಾಗಿತ್ತು. 67 ವರ್ಷ ಕಾದಾಡಿ, 678ರಲ್ಲಿ ಆ ಕವಲು ಹಿರಿಯ ಮನೆಯನ್ನು ಮುಗಿಸಿತು. ಕೊಳ್ಳೆಯ ಒಡವೆಯನ್ನು ಝೌ ರಾಜನಿಗೆ ಕಾಣಿಕೆ ಕೊಟ್ಟು ಒಡೆಯನೆಂಬ ಮನ್ನಣೆಯನ್ನೂ ಪಡೆಯಿತು. 678ಕ್ಕೆ ರಾಜನ ಸಾಲಿನಲ್ಲಿ ಒಂದು ಕೆಂಪು ಮುದ್ರೆ ಬಿಡಿಸಿ. ಇಂಥ ಮುದ್ರೆ ಇನ್ನೆರಡು ಬರಲಿವೆ.

ಗೆದ್ದ ಕವಲಿಗೆ ತಾನು ಬಂದ ದಾರಿಯ ಭಯ ಇತ್ತು. 669ರಲ್ಲಿ ಒಡೆಯ ಶಿಯಾನ್ ಮಂತ್ರಿ ಶಿ ವೇಯ್‌ನ ಸಲಹೆಯಂತೆ ತನ್ನ ದಾಯಾದಿಗಳನ್ನೆಲ್ಲ ಕೊಲ್ಲಿಸಿದ. ಮುಂದೆ ಲಿ ಜಿ ಎಂಬ ರಾಣಿ ತನ್ನ ಮಗನಿಗಾಗಿ ಹಿರಿಯ ರಾಜಕುಮಾರರನ್ನು ತೊಲಗಿಸಿದಳು. ಆ ಗಲಭೆಯ ಬಳಿಕ ಜಿನ್‌ನಲ್ಲಿ ರಾಜಕುಮಾರರನ್ನು ಇಟ್ಟುಕೊಳ್ಳಬಾರದೆಂದೇ ಪ್ರಮಾಣ ಮಾಡಿದರು. ಇಡೀ ಪಟದ ಕೀಲಿ ಇದು ಎಂಬುದು ನಮ್ಮ ಅಭಿಪ್ರಾಯ. ದಾಯಾದಿ ಇಲ್ಲದ ಮನೆಯಲ್ಲಿ ಸೈನ್ಯ ನಡೆಸುವವರು ಯಾರು? ಹೊರಗಿನ ಮನೆತನಗಳು. ಆ ಶಿ ವೇಯ್‌ನ ಮೊಮ್ಮಗನೇ ಮೇಲೆ ಹೇಳಿದ ಶಿ ಹುಯಿ, ಫಾನ್ ಮನೆತನದ ಮೂಲಪುರುಷ. ಅವರಿಬ್ಬರ ಚೀಟಿಗಳ ನಡುವೆ ಒಂದು ದಾರ ಕಟ್ಟಿ.

19 ವರ್ಷ ಪರದೇಶದಲ್ಲಿ ಅಲೆದ ರಾಜಕುಮಾರ ಚೊಂಗ್‌ಅರ್ 636ರಲ್ಲಿ ಮರಳಿ ಒಡೆಯ ವೆನ್ ಆದ. 633ರಲ್ಲಿ ಮೂರು ಸೈನ್ಯ ಕಟ್ಟಿದ: ನಡು, ಮೇಲು, ಕೆಳಗು. ಒಂದೊಂದಕ್ಕೆ ಒಬ್ಬ ದಳಪತಿ, ಒಬ್ಬ ಉಪದಳಪತಿ. ಆ ಆರು ಹುದ್ದೆಯೇ ಆರು ಮಂತ್ರಿಪದವಿ; ನಡುಸೈನ್ಯದ ದಳಪತಿಯೇ ಮುಖ್ಯಮಂತ್ರಿ. 632ರಲ್ಲಿ ಚೆಂಗ್‌ಪುವಿನಲ್ಲಿ ಚು ರಾಜ್ಯವನ್ನು ಸೋಲಿಸಿದ್ದು ಈ ಏರ್ಪಾಡು. ಆದರೆ ಯುದ್ಧಕ್ಕೆ ಒಳ್ಳೆಯದಾದದ್ದು ಮನೆಗೆ ಕೆಟ್ಟಿತು. ಹುದ್ದೆ ಆರು, ಬೇಡುವ ಮನೆ ಹನ್ನೊಂದು. 588ರಲ್ಲಿ ಆರು ಸೈನ್ಯ, 12 ಹುದ್ದೆ ಮಾಡಿ ನೋಡಿದರು, ನಿಲ್ಲಲಿಲ್ಲ. ಬಳಗದಲ್ಲಿ ಆರು ಕುರ್ಚಿ ಸಾಲಾಗಿಟ್ಟು, ಹನ್ನೊಂದು ಜನರಿಗೆ ಒಂದೊಂದು ಮನೆತನ ಕೊಟ್ಟು, ಯಾರು ಸತ್ತರೆ ಯಾರು ಮುಂದಿನ ಕುರ್ಚಿಗೆ ಸರಿಯುತ್ತಾರೆ ಎಂದು ನಡೆದು ತೋರಿಸಿ. ಹತ್ತು ನಿಮಿಷ ಸಾಕು. ಪಕ್ಕದ ಮನೆ ಅಳಿಯದೆ ತಮಗೆ ಕುರ್ಚಿ ಇಲ್ಲ ಎಂಬುದು ನಿಂತವರಿಗೆ ತಾನಾಗಿ ಹೊಳೆಯುತ್ತದೆ.

ಈಗ ಪಟ್ಟಿಗಳನ್ನು ಒಂದೊಂದಾಗಿ ಕಡಿಯಿರಿ. ಹು ಮನೆಯ ಮುಖ್ಯಸ್ಥ 621ರಲ್ಲಿ ಓಡಿದ. ಶಿಯಾನ್ 596. ಶೀ ಮನೆಯ ಮೂವರನ್ನು 574ರಲ್ಲಿ ಒಡೆಯ ಲಿ ಕೊಲ್ಲಿಸಿದ. ಮುಂದಿನ ಸರದಿ ತಮ್ಮದೆಂದು ಹೆದರಿದ ಲುವಾನ್ ಮತ್ತು ಝೊಂಗ್‌ಹಾಂಗ್ 573ರಲ್ಲಿ ಒಡೆಯನನ್ನೇ ಕೊಂದರು. ಲುವಾನ್ 550. ಚಿ, ಯಾಂಗ್‌ಶೆ 514ರಲ್ಲಿ. ಅವರ ನೆಲ 10 ತಾಲೂಕಾಯಿತು. ಝಾವೋ ಪಟ್ಟಿ 583ರಲ್ಲಿ ತುಂಡಾಗಿ ಮತ್ತೆ ಚಿಗುರುತ್ತದೆ, ಹಾನ್ ಮನೆಯವನ ಮಾತಿನಿಂದ ಮಗು ಝಾವೋ ವು ಆಸ್ತಿ ಮರಳಿ ಪಡೆದ. ಈ ಅನಾಥ ಮಗುವಿನ ರೋಚಕ ಕಥೆಯೊಂದು ಹಂಬಲಿಸಿ ಓದುವಂಥದ್ದು, ಆದರೆ ಅದು ಬಹಳ ಈಚಿನ ಇತಿಹಾಸಗ್ರಂಥದಲ್ಲಿ ಬರುತ್ತದೆ. ಹಳೆಯ ವಿವರಣಾ ಗ್ರಂಥದಲ್ಲಿ ಇಲ್ಲ. ಎರಡನ್ನೂ ಬೆರೆಸಿ ಪಟದಲ್ಲಿ ಬರೆದರೆ ವರ್ಷಗಳು ಕೂಡಿಬರುವುದಿಲ್ಲ.

ಲು: ಸೈನ್ಯವನ್ನು ಹಂಚಿಕೊಂಡ ಅಣ್ಣತಮ್ಮಂದಿರು

ಇಲ್ಲಿ ಮಂತ್ರಿಮನೆಗಳು ಒಡೆಯನ ರಕ್ತವೇ. ಜಿ, ಮೆಂಗ್, ಶು (ಜಿನ್‌ನ ಶು ಮನೆತನ ಬೇರೆ) ಎಂಬ ಮೂವರೂ ಒಡೆಯ ಹುವಾನ್‌ನ ಮಕ್ಕಳಿಂದ ಇಳಿದವರು. 562ರಲ್ಲಿ ರಾಜ್ಯದ ಸೈನ್ಯವನ್ನು ಮೂರು ಮಾಡಿ ತಲೆಗೊಂದು ತೆಗೆದುಕೊಂಡರು. 537ರಲ್ಲಿ ಅದನ್ನೇ ನಾಲ್ಕು ಪಾಲು ಮಾಡಿ ಜಿ ಮನೆ ಎರಡು, ಉಳಿದವರು ಒಂದೊಂದು. ಒಡೆಯನಿಗೆ ಉಳಿದದ್ದು ಅವರು ಕೊಟ್ಟಷ್ಟು ಕಾಣಿಕೆ. ಪಟದಲ್ಲಿ ನಾಲ್ಕು ಚೌಕ ಬಿಡಿಸಿ ಬಣ್ಣ ತುಂಬಿ; ಒಡೆಯನ ಬಣ್ಣಕ್ಕೆ ಚೌಕವೇ ಸಿಗದು.

517ರ ದಂಗೆಯನ್ನು ವಿವರಿಸುವಾಗ ಎಲ್ಲರೂ ಕೋಳಿಅಂಕದಿಂದ ಶುರು ಮಾಡುತ್ತಾರೆ. ಜಿ ಮನೆಯವರು ಕೋಳಿಗೆ ಸಾಸಿವೆ ಪುಡಿ ಬಳಿದರು, ಎದುರಾಳಿ ಕಾಲಿಗೆ ಲೋಹದ ಉಗುರು ಕಟ್ಟಿದ. ಕೋಳಿಕಾಲಿಗೆ ಬಾಳು ಕಟ್ಟುವುದನ್ನು ಕಂಡ ನಮ್ಮ ಕರಾವಳಿಯವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಆದರೂ ಪಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆಯಿರಿ. ಒಡೆಯ ಝಾವೋ ಜಿ ಮನೆಯನ್ನು ಮುತ್ತಿದಾಗ ಗೆಲ್ಲುವ ಹಂತಕ್ಕೆ ಬಂದಿದ್ದ. ಶು ಮನೆಯವರು ‘ಜಿ ಇಲ್ಲದಿದ್ದರೆ ನಾವೂ ಇಲ್ಲ’ ಎಂದು ಲೆಕ್ಕ ಹಾಕಿ ನೆರವಿಗೆ ಬಂದರು. ನಿರ್ಣಾಯಕವಾದದ್ದು 537ರ ಹಂಚಿಕೆ. ಒಡೆಯ ಓಡಿ, 510ರಲ್ಲಿ ಪರನೆಲದಲ್ಲಿ ಸತ್ತ.

ಇದು ಅಲ್ಲಿಗೂ ನಿಲ್ಲಲಿಲ್ಲ. ಜಿ ಮನೆಯ ಪಾರುಪತ್ಯಗಾರ ಯಾಂಗ್ ಹು 505ರಿಂದ 502ರವರೆಗೆ ಯಜಮಾನನನ್ನೇ ಕೈಯಲ್ಲಿಟ್ಟುಕೊಂಡ. ಸಾತಾರದ ಛತ್ರಪತಿ, ಪುಣೆಯ ಪೇಶ್ವೆ, ಪೇಶ್ವೆಯ ಹೆಸರಿನಲ್ಲಿ ನಾನಾ ಫಡ್ನವೀಸ್ ಎಂಬ ಇಳಿಜಾರನ್ನು ಬಲ್ಲ ಮಹಾರಾಷ್ಟ್ರದ ಓದುಗರಿಗೆ ಇದು ಬೇಗ ಹತ್ತುತ್ತದೆ. ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸಿ: ಪೇಶ್ವೆ ಛತ್ರಪತಿ ಎಂಬ ಬಿರುದನ್ನು ತೊಡಲಿಲ್ಲ, ಜಿನ್ ಮತ್ತು ಚಿಯ ಮನೆತನಗಳು ಒಡೆತನದ ಬಿರುದನ್ನೂ ತೊಟ್ಟವು. ಅದಕ್ಕೆ ನಮ್ಮ ರಾಷ್ಟ್ರಕೂಟರು ಹತ್ತಿರ. ದಂತಿದುರ್ಗ ಬಾದಾಮಿ ಚಾಲುಕ್ಯರ ಸಾಮಂತನಾಗಿದ್ದವನು.

498ರಲ್ಲಿ ಕನ್‌ಫ್ಯೂಷಿಯಸ್ ಲು ರಾಜ್ಯದಲ್ಲಿ ಅಧಿಕಾರದಲ್ಲಿದ್ದಾಗ ಮೂರು ಮನೆಗಳ ಕೋಟೆ ಕೆಡವುವ ಯತ್ನ ನಡೆಯಿತು. ಶು ಮನೆಯ ಹೌ, ಜಿ ಮನೆಯ ಬಿ ಕೆಡವಿದ್ದಾಯಿತು, ಪಾರುಪತ್ಯಗಾರರ ಕಾಟಕ್ಕೆ ಬೇಸತ್ತ ಯಜಮಾನರೇ ಒಪ್ಪಿದ್ದರು. ಮೆಂಗ್ ಮನೆಯ ಚೆಂಗ್ ಬೀಳಲಿಲ್ಲ. ಯತ್ನ ಅಲ್ಲಿಗೆ ಮುಗಿಯಿತು. ಪಟದಲ್ಲಿ ಬಿದ್ದ ಕೋಟೆಗಳಿಗೆ ಎರಡು ಅಡ್ಡಗೀಟು, ಉಳಿದದ್ದಕ್ಕೆ ಒಂದು ಖಾಲಿ ತ್ರಿಕೋನ.

ಚಿ: ಸೇರಿನಿಂದ ಗೆದ್ದ ರಾಜ್ಯ

ಮೂರನೇ ಭಾನುವಾರದ ಎರಡನೇ ಗಂಟೆಗೆ 3 ಕಿಲೋ ಅಕ್ಕಿ, ಒಂದು ಟೀ ಕಪ್ಪು, ಎರಡು ಪಾತ್ರೆ ತನ್ನಿ. 672ರಲ್ಲಿ ಚೆನ್ ರಾಜ್ಯದಿಂದ ಓಡಿಬಂದ ರಾಜಕುಮಾರನ ವಂಶ ಚಿಯಲ್ಲಿ ತಿಯಾನ್ ಮನೆತನವಾಯಿತು. 539ರಲ್ಲಿ ಚಿಯ ಮಂತ್ರಿ ಯಾನ್ ಯಿಂಗ್ ಜಿನ್‌ನ ಗೆಳೆಯನಿಗೆ ಹೇಳಿದ ವಿವರ ಇದು. ಸರ್ಕಾರಿ ಅಳತೆಯಲ್ಲಿ 4 ಶೆಂಗ್ ಒಂದು ದೋ, 4 ದೋ ಒಂದು ಓ, 4 ಓ ಒಂದು ಫು, 10 ಫು ಒಂದು ಝೊಂಗ್. ಅಂದರೆ ಝೊಂಗ್‌ಗೆ 640 ಶೆಂಗ್. ನಾಲ್ಕು ಪಾವಿಗೆ ಒಂದು ಸೇರು ಎಂದು ಬೆಳೆದವರಿಗೆ ಈ ನಾಲ್ಕರ ಲೆಕ್ಕ ಹೊಸದಲ್ಲ. ತಿಯಾನ್ ಮನೆಯವರ ಸ್ವಂತ ಅಳತೆಯಲ್ಲಿ ಮೊದಲ ಮೂರೂ ಪಾತ್ರೆಗಳಿಗೆ ಒಂದೊಂದು ಹೆಚ್ಚು. ಸಾಲ ಕೊಡುವಾಗ ಮನೆಯ ದೊಡ್ಡ ಪಾತ್ರೆ, ವಸೂಲಿಗೆ ಸರ್ಕಾರದ ಚಿಕ್ಕ ಪಾತ್ರೆ.

5 ಕಪ್ಪಿನ ಪಾತ್ರೆಯಲ್ಲಿ ಅಳೆದು ಕೊಡಿ, 4 ಕಪ್ಪಿನದರಲ್ಲಿ ವಾಪಸು ಪಡೆಯಿರಿ. ಐದು ಸಲ ಮಾಡಿದರೆ ಕೊಟ್ಟವರ ರಾಶಿಯಿಂದ 5 ಕಪ್ಪು ಹೋಗಿರುತ್ತದೆ. ಈಗ ಎದುರುಪಕ್ಕದಲ್ಲಿ ಒಡೆಯನ ಲೆಕ್ಕ ಬರೆಯಿರಿ: ಜನರ ದುಡಿಮೆಯ ಮೂರರಲ್ಲಿ ಎರಡು ಪಾಲು ಅವನಿಗೆ, ಉಗ್ರಾಣದಲ್ಲಿ ಧಾನ್ಯ ಹುಳ ಹಿಡಿಯುತ್ತಿದೆ, ಕಾಲು ಕಡಿಸುವ ಶಿಕ್ಷೆ ಎಷ್ಟು ಹೆಚ್ಚಿತೆಂದರೆ ಪೇಟೆಯಲ್ಲಿ ಕೆರ ಅಗ್ಗ, ಕುಂಟರ ಪಾದರಕ್ಷೆ ದುಬಾರಿ. ತಿಯಾನ್ ಮನೆಯವರ ಮರ ಪೇಟೆಯಲ್ಲಿಯೂ ಬೆಟ್ಟದ ಬೆಲೆಗೆ, ಮೀನು ಉಪ್ಪು ಕಡಲ ದಂಡೆಯ ಬೆಲೆಗೆ. ಜನ ಅವರ ಕಡೆ ನೀರಿನಂತೆ ಹರಿದರು. 481ರಲ್ಲಿ ತಿಯಾನ್ ಹೆಂಗ್ ಒಡೆಯನನ್ನು ಕೊಂದಾಗ ರಾಜ್ಯದೊಳಗೆ ಅವನನ್ನು ಉರುಳಿಸುವ ಬಲ ಯಾರಲ್ಲೂ ಉಳಿದಿರಲಿಲ್ಲ.

ಜಿನ್‌ಯಾಂಗ್: ನಾಲ್ಕನೇ ಭಾನುವಾರದ ಆಟ

ಪಟದಲ್ಲಿ 455ರ ಬಲಕ್ಕೆ ಏನೂ ಬರೆದಿರಬಾರದು. ಬರೆದಿದ್ದರೆ ಎಲ್ಲರೂ ಕೊನೆ ತಿಳಿದು ಆಡುತ್ತಾರೆ, ಆಟ ಸತ್ತುಹೋಗುತ್ತದೆ. ಫಾನ್, ಝೊಂಗ್‌ಹಾಂಗ್ 497ರಿಂದ 490ರ ಯುದ್ಧದಲ್ಲಿ ಸೋತವು, 458ರಲ್ಲಿ ಅವರ ನೆಲವನ್ನು ಉಳಿದ ನಾಲ್ವರು ಹಂಚಿಕೊಂಡರು ಎಂಬಲ್ಲಿಗೆ ನಿಲ್ಲಿಸಿ. ನಾಲ್ಕು ತಂಡ, ನೆಲದ ಲೆಕ್ಕಕ್ಕೆ 40 ಹುಣಸೆಬೀಜ: ಝಿಗೆ 16, ಉಳಿದವರಿಗೆ 8. ಸಂಖ್ಯೆ ಆಟಕ್ಕಷ್ಟೇ, ಝಿ ಎಲ್ಲರಿಗಿಂತ ಬಲಿಷ್ಠ ಎಂಬುದು ಇತಿಹಾಸ.

ಝಿ ಮೊದಲು ಹಾನ್ ತಂಡದಿಂದ 2 ಬೀಜ ಕೇಳಲಿ. ಹಾನ್‌ಗೆ 3 ನಿಮಿಷ, ಉತ್ತರವನ್ನೂ ಕಾರಣವನ್ನೂ ಚೀಟಿಯಲ್ಲಿ ಬರೆಯಬೇಕು. ಬಳಿಕ ವೇಯ್, ಬಳಿಕ ಝಾವೋ. ಎಲ್ಲ ಮುಗಿದ ಮೇಲೆ ನಡೆದದ್ದನ್ನು ಓದಿ. ಹಾನ್‌ನ ಸಲಹೆಗಾರ ದುವಾನ್ ಗುಯಿ ‘ಕೊಟ್ಟುಬಿಡಿ, ರುಚಿ ಹತ್ತಿ ಇನ್ನೊಬ್ಬರನ್ನು ಕೇಳುತ್ತಾನೆ, ಅವರು ಕೊಡದಿದ್ದರೆ ಯುದ್ಧ ಅವರ ಮೇಲೆ’ ಎಂದ. ವೇಯ್‌ನ ರೆನ್ ಝಾಂಗ್ ‘ಕೊಟ್ಟರೆ ಅವನ ಸೊಕ್ಕು ಬೆಳೆಯುತ್ತದೆ, ನಮ್ಮ ಹೆದರಿಕೆ ನಮ್ಮನ್ನು ಒಂದುಮಾಡುತ್ತದೆ’ ಎಂದ. ಝಾವೋ ಮುಖ್ಯಸ್ಥ ಶಿಯಾಂಗ್‌ಝಿ ಕೊಡಲಿಲ್ಲ.

ಅವನು ಎಲ್ಲಿಗೆ ಹಿಂದೆಗೆಯಬೇಕು? ಈ ಪ್ರಶ್ನೆಯನ್ನು ಇಡೀ ಬಳಗಕ್ಕೆ ಹಾಕಿ. ಝಾಂಗ್‌ಝಿಯ ಕೋಟೆ ಹೊಸದಾಗಿ, ದಪ್ಪಗೆ ಕಟ್ಟಿದ್ದು. ಹಾಂದಾನ್‌ನ ಕಣಜ ತುಂಬಿದೆ. ಜಿನ್‌ಯಾಂಗ್‌ನಲ್ಲಿ ಹಿಂದೆ ಯಿನ್ ದುವೋ ಎಂಬ ಪಾರುಪತ್ಯಗಾರ ತೆರಿಗೆ ಕಟ್ಟುವ ಮನೆಗಳ ಲೆಕ್ಕವನ್ನೇ ಕಡಿಮೆ ಮಾಡಿದ್ದ. ಬಹುಪಾಲು ಜನ ಕೋಟೆಯನ್ನೋ ಕಣಜವನ್ನೋ ಆರಿಸುತ್ತಾರೆ. ಶಿಯಾಂಗ್‌ಝಿ ಜಿನ್‌ಯಾಂಗ್ ಆರಿಸಿದ: ಕೋಟೆ ಕಟ್ಟಿ ಸುಸ್ತಾದವರು, ಕಣಜ ತುಂಬಿ ಬರಿದಾದವರು ತನಗಾಗಿ ಸಾಯುವುದಿಲ್ಲವೆಂಬುದು ಅವನ ಎಣಿಕೆ. ಝಿ, ಅವನ ಜೊತೆಗೂಡಿದ ಹಾನ್ ಮತ್ತು ವೇಯ್ ಊರನ್ನು ಮುತ್ತಿ, ನದಿಯನ್ನು ತಿರುಗಿಸಿ ಅದಕ್ಕೆ ನೀರು ಬಿಟ್ಟರು. ಗೋಡೆಯ ಮೇಲಂಚಿಗೆ ಮೂರು ಹಲಗೆ ಎತ್ತರ ಮಾತ್ರ ಉಳಿಯಿತು, ಒಲೆಗಳಲ್ಲಿ ಕಪ್ಪೆ ಮರಿ ಹಾಕಿದವು, ಜನ ಬಿಟ್ಟುಕೊಡಲಿಲ್ಲ.

ಝಿ ಮುಖ್ಯಸ್ಥ ಆ ನೀರು ನೋಡಿ, ನೀರಿನಿಂದ ರಾಜ್ಯ ಅಳಿಸಬಹುದೆಂದು ಈಗ ತಿಳಿಯಿತು ಎಂದ. ಪಕ್ಕದಲ್ಲಿದ್ದ ವೇಯ್ ಮೊಣಕೈಯಿಂದ ಹಾನ್‌ನನ್ನು ತಿವಿದ: ಇಬ್ಬರ ಮುಖ್ಯ ಪಟ್ಟಣಗಳಾದ ಆನ್‌ಯಿ, ಪಿಂಗ್‌ಯಾಂಗ್ ಪಕ್ಕದಲ್ಲೂ ನದಿ ಹರಿಯುತ್ತಿತ್ತು. ರಾತ್ರಿ ಝಾವೋನ ದೂತ ಝಾಂಗ್ ಮೆಂಗ್‌ತಾನ್ ಬಂದಾಗ ಹೆಚ್ಚು ಮಾತು ಬೇಕಾಗಲಿಲ್ಲ. 453ರಲ್ಲಿ ಒಡ್ಡು ಒಡೆದು ನೀರು ಝಿ ಪಾಳೆಯಕ್ಕೆ ನುಗ್ಗಿತು. ಝಿ ಪಟ್ಟಿಯನ್ನು 328ನೇ ಸೆಂಟಿಮೀಟರಿಗೆ ಕಡಿದು, ಉಳಿದ ಮೂರನ್ನು ಒಡೆಯನ ಸಾಲಿನವರೆಗೆ ಅಗಲ ಮಾಡಿ.

403ಕ್ಕೆ, ಅಂದರೆ 378ನೇ ಸೆಂಟಿಮೀಟರಿಗೆ ಎರಡನೇ ಕೆಂಪು ಮುದ್ರೆ; ರಾಜ ವೇಯ್‌ಲಿಯೆ ಹಾನ್, ಝಾವೋ, ವೇಯ್‌ಗಳನ್ನು ಒಡೆಯರೆಂದು ಒಪ್ಪಿದ. 386ಕ್ಕೆ ಮೂರನೆಯದು, ಚಿಯ ತಿಯಾನ್ ಹೆ. 379ಕ್ಕೆ ಚಿಯ ಹಳೆಯ ವಂಶದ ಗೆರೆ ನಿಲ್ಲುತ್ತದೆ, 376ಕ್ಕೆ ಜಿನ್‌ನದು. ಮೂರು ಮುದ್ರೆಯ ಕೆಳಗೂ ಅದಕ್ಕಿಂತ ಎಷ್ಟು ವರ್ಷ ಮುಂಚೆ ನಿಜವಾದ ಗೆಲುವು ಆಗಿತ್ತೆಂದು ಬರೆಯಿರಿ: 678ಕ್ಕೆ ಅದೇ ವರ್ಷ, 403ಕ್ಕೆ 50, 386ಕ್ಕೆ 95. ಪಟವನ್ನು ಬಲ ತುದಿಯಿಂದ ಸುತ್ತಿಡಿ, ಮುಂದಿನ ಬಳಗ ಬಿಚ್ಚಿದಾಗ 770 ಮೊದಲು ತೆರೆಯುತ್ತದೆ.